ಬರಿಯ ಮರಳು

ಮರುಭೂಮಿಯ ಪಾಠವನ್ನು “ಅಲ್ಲಿ ಬರಿಯ ಮರಳು, ಬೇರೇನೂ ಇಲ್ಲ” ಎಂದು ಮುಗಿಸಿಬಿಡುವುದು ನನ್ನ ರೂಢಿಯಾಗಿತ್ತು. ಒಮ್ಮೆ ಅಂಥ ಮರಳಿನಲ್ಲಿ ಗಿಡ ನೆಟ್ಟು ಹಸುರುಗೊಳಿಸಿದ ಸಂಗತಿಯನ್ನು ವಿವರಿಸುತ್ತಿರಲು, ನಾಲ್ಕನೆಯ ಇಯತ್ತೆಯ ಹುಡುಗನೊಬ್ಬನು, “ಗುರುಗಳೇ, ಮೊದಲು ಅಲ್ಲಿದ್ದ ಹುಳುಗಳು ಎಲ್ಲಿಗೆ ಹೋದವು?” ಎಂದು ಕೇಳಿದನು. ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ನಾನು ಹೇಳುತ್ತಿದ್ದುದು ಚೀನಾ ದೇಶದ ಟೆಂಗರ್ ಮರುಭೂಮಿಯ ಅಂಚಿನಲ್ಲಿರುವ ಶಾಪೊಟೌ ಎಂಬ ಸ್ಥಳದ ವಿಷಯ. 1958ರಲ್ಲಿ ಪೂರ್ಣಗೊಂಡ ಬಾವೊಟೌ–ಲಾಂಜೌ ರೈಲುಮಾರ್ಗವು ಅಲ್ಲಿ ಚಲಿಸುವ ಮರಳುದಿಣ್ಣೆಗಳನ್ನು ದಾಟಬೇಕಾಗಿತ್ತು. ಹಳಿಗಳನ್ನು ಮರಳು ಮುಚ್ಚದಿರಲೆಂದು 1956ರಿಂದಲೇ ಒಣಹುಲ್ಲನ್ನು ಮರಳಿನಲ್ಲಿ ಹೂತು, ಮೀಟರಿಗೊಂದರಂತೆ ಚದುರಂಗದ ಮನೆಗಳನ್ನು ರಚಿಸಿ, ಅವುಗಳ ನಡುವೆ ಪೊದೆಗಿಡಗಳನ್ನು ನೆಟ್ಟರು. ವರ್ಷಕ್ಕೆ 200 ಮಿಲಿಮೀಟರಿಗೂ ಕಡಮೆ ಮಳೆ. ಆದರೂ ನಮ್ಮ ದವನದ ಕುಲಕ್ಕೆ ಸೇರಿದ ಗಿಡವೊಂದು ಅಲ್ಲಿ ಬೇರೂರಿತು. ಗಾಳಿ ತಗ್ಗಿತು, ಧೂಳು ನೆಲೆನಿಂತಿತು. ಮರಳಿನ ಮೇಲೆ ಪಾಚಿಯ ತೆಳುವಾದ ಹೆಪ್ಪು ಕಟ್ಟಿತು. ಹುಲ್ಲು ಬಂದಿತು, ಇರುವೆ ಬಂದಿತು, ಜೀರುಂಡೆ ಬಂದಿತು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಪೊದೆಗಳು ಆಳದ ತೇವವನ್ನು ಹೀರಿದವು. ಹೊಸ ಹೆಪ್ಪು ಮಳೆನೀರನ್ನು ಮೇಲೆಯೇ ತಡೆಹಿಡಿಯಿತು. ಕ್ರಮೇಣ ನೆಟ್ಟ ಪೊದೆಗಳೇ ವಿರಳವಾದವು. ಅಲೆದಾಡುವ ಮರಳನ್ನೇ ನಚ್ಚಿ ಬಾಳುವ ಸಸ್ಯಗಳು ಹಿಂದೆ ಸರಿದವು. ಸಡಿಲ ಮರಳಿನಲ್ಲಿ ಕುಣಿ ತೋಡಿ ಇರುವೆಗಾಗಿ ಕಾದು ಕೂರುವ ಹುಳುವನ್ನು ನಮ್ಮ ಮಕ್ಕಳೆಲ್ಲ ಬಲ್ಲರು; ಹೆಪ್ಪುಗಟ್ಟಿದ ನೆಲದಲ್ಲಿ ಅಂಥ ಜೀವಿಗೆ ಮನೆಯೆಲ್ಲಿ?

ಬಂದ ಜೀವಿಗಳು ಹೋದವುಗಳಿಗಿಂತ ಹೆಚ್ಚಲ್ಲವೆ, ಲಾಭವೇ ಆಯಿತಲ್ಲವೆ ಎಂದು ಕೇಳುವವರುಂಟು. ಲೆಕ್ಕ ಸರಿ, ಆದರೆ ಇಲ್ಲಿ ಲಾಭವೊಬ್ಬರದು, ನಷ್ಟವಿನ್ನೊಬ್ಬರದು. ನನ್ನ ಹೊಲದಲ್ಲಿ ಕಳೆದುದನ್ನು ನೆರೆಯವನ ಹೊಲದ ಬೆಳೆಯಿಂದ ತುಂಬಿತೆನ್ನಲಾದೀತೆ? ಹಾಗೆಂದು ಗಿಡ ನೆಡಬಾರದೆಂದು ನಾನು ಹೇಳಲಾರೆ. ರೈಲು ನಡೆಯಬೇಕು, ಜನರು ಬದುಕಬೇಕು. ನಿಜವಾದ ಅಗತ್ಯಕ್ಕಾಗಿ ಮಾಡಿದ ಕೆಲಸ ಅಧರ್ಮವಲ್ಲ. ದೋಷವಿರುವುದು “ಅಲ್ಲೇನೂ ಇರಲಿಲ್ಲ” ಎಂಬ ಮಾತಿನಲ್ಲಿ. ಇದ್ದವರನ್ನು ಇಲ್ಲವೆಂದ ಮೇಲೆ ಅವರಿಂದ ಏನನ್ನು ಕಿತ್ತುಕೊಂಡರೂ ಕಿತ್ತುಕೊಂಡಂತೆ ತೋರುವುದಿಲ್ಲ. ಎಲ್ಲಿ ನಿಲ್ಲಬೇಕೆಂಬ ಮಿತಿಯೂ ಮರೆತುಹೋಗುತ್ತದೆ. ಹಳಿಯ ರಕ್ಷಣೆಗೆ ಬೇಕಾದಷ್ಟು ದಿಣ್ಣೆಯನ್ನು ಕಟ್ಟಿಹಾಕುವುದು ಬೇರೆ, ದಿಣ್ಣೆಯೇ ಇರಬಾರದೆನ್ನುವುದು ಬೇರೆ.

ಉಪಕಾರ ಮಾಡಹೊರಟವನು ಮೊದಲು ಅಲ್ಲಿರುವವರನ್ನು ಗುರುತಿಸಬೇಕು. ಶಿಕ್ಷಕನಾದ ನನಗೂ ಈ ಮಾತು ಸಲ್ಲುತ್ತದೆ. ಏನೂ ಬಾರದೆಂದು ನಾವು ಬರೆದಿಟ್ಟ ಮಗುವಿನಲ್ಲಿಯೂ ಏನೋ ಒಂದು ಮೊದಲೇ ಮನೆಮಾಡಿಕೊಂಡಿರುತ್ತದೆ.

ಈಗ ಮರುಭೂಮಿಯ ಪಾಠವನ್ನು ನಾನು ಶಾಲೆಯ ಪಡಸಾಲೆಯ ಕೆಳಗೆ, ಆ ಹುಳುವಿನ ಕುಣಿಯ ಬಳಿಯಲ್ಲಿ ಆರಂಭಿಸುತ್ತೇನೆ. “ಬರಿಯ ಮರಳು” ಎಂದು ಹೇಳುವುದನ್ನು ಬಿಟ್ಟಿದ್ದೇನೆ.