ಆಟವೆಂದು ಬಿಟ್ಟುಬಿಡಬಹುದೇ?

ನಿಮ್ಮ ಮಗ ಕಂಪ್ಯೂಟರಿನ ಮುಂದೆ ಕುಳಿತು ಅರ್ಧ ಗಂಟೆಯೊಳಗೆ ಹತ್ತಾರು ಪಿಶಾಚಿಗಳನ್ನು ಗುಂಡಿಕ್ಕಿ ಕೊಲ್ಲುತ್ತಾನೆ. ನೀವು ಗದರಿಸಿದರೆ ಅವನ ಉತ್ತರ ಸಿದ್ಧವಾಗಿರುತ್ತದೆ: "ಇದು ಬರೀ ಆಟ. ಯಾರೂ ಸತ್ತಿಲ್ಲವಲ್ಲ!" ಅವನ ಮಾತು ಸುಳ್ಳಲ್ಲ. ಹಾಗಾದರೆ ನಮ್ಮ ಮನಸ್ಸಿಗೆ ಕಸಿವಿಸಿಯಾಗುವುದೇಕೆ?

ಬಿಡುವಿದ್ದಾಗ ನಾನೂ ಇಂತಹ ಆಟಗಳನ್ನು ಆಡುವವನು. ಆದುದರಿಂದ ಈ ಪ್ರಶ್ನೆ ನನ್ನದೂ ಹೌದು.

1993ರಲ್ಲಿ ಅಮೆರಿಕಾದಲ್ಲಿ ಎರಡು ಪ್ರಸಿದ್ಧ ಆಟಗಳು ಹೊರಬಂದವು. ಸೆಪ್ಟೆಂಬರಿನಲ್ಲಿ ಬಂದ ‘ಮಿಸ್ಟ್’, ರ‍್ಯಾಂಡ್ ಮತ್ತು ರಾಬಿನ್ ಮಿಲ್ಲರ್ ಎಂಬ ಸಹೋದರರು ರಚಿಸಿದ್ದು. ಅದರಲ್ಲೊಂದು ನಿರ್ಜನ ದ್ವೀಪ. ಕಾದಾಟವಿಲ್ಲ, ಆಯುಧವಿಲ್ಲ. ಹಳೆಯ ಪುಸ್ತಕಗಳನ್ನು ಓದಿ, ಯಂತ್ರಗಳ ಗುಟ್ಟನ್ನು ತಾಳ್ಮೆಯಿಂದ ಬಿಡಿಸಬೇಕು. ಡಿಸೆಂಬರ್ 10ರಂದು ಬಂದದ್ದು ‘ಡೂಮ್’. ಮಂಗಳ ಗ್ರಹದ ಉಪಗ್ರಹಗಳಲ್ಲಿ ನರಕದ ಪಿಶಾಚಿಗಳನ್ನು ಒಬ್ಬಂಟಿ ಸೈನಿಕ ಕೊಲ್ಲುತ್ತಾ ಸಾಗುವ ಆಟವದು. ಅದರ ಹಿಂದಿನ ದಿನವೇ ಅಮೆರಿಕಾದ ಸೆನೆಟ್‌ನಲ್ಲಿ ವಿಡಿಯೊ ಆಟಗಳ ಹಿಂಸೆಯ ಕುರಿತು ವಿಚಾರಣೆ ನಡೆದಿತ್ತು. 1994ರಲ್ಲಿ ಆಟಗಳ ಉದ್ಯಮವು, ಯಾವ ಆಟ ಯಾವ ವಯಸ್ಸಿನವರಿಗೆ ಸೂಕ್ತವೆಂದು ಸೂಚಿಸುವ ಮಂಡಳಿಯೊಂದನ್ನು ರಚಿಸಿತು.

ಆ ಸೂಚನೆ ಹೆತ್ತವರಿಗೆ ಉಪಯುಕ್ತ. ಆದರೆ ರಕ್ತವಿಲ್ಲದ ಆಟವೆಲ್ಲ ನಿರ್ದೋಷಿಯೇ? 1990ರಲ್ಲಿ ಬಂದ ‘ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’ ಎಂಬ ನಗೆಯಾಟವನ್ನು ನೋಡಿ. ಕಡಲ್ಗಳ್ಳನಾಗಬಯಸುವ ಅದರ ನಾಯಕ ಗವರ್ನರರ ಭವನದಿಂದ ವಿಗ್ರಹವೊಂದನ್ನು ಕದಿಯಬೇಕು. ಕತ್ತಿವರಸೆಯಲ್ಲಿ ಗೆಲ್ಲಲು ಬೈಗುಳ ಕಲಿಯಬೇಕು. ಬೈಗುಳಕ್ಕೆ ಚುರುಕಾದ ಮರುಬೈಗುಳ ಕೊಟ್ಟವನದೇ ಗೆಲುವು. ನಾವು ನಗುತ್ತೇವೆ, ಕಳವನ್ನು ಕಳವೆಂದು ಗುರುತಿಸುವುದೇ ಇಲ್ಲ.

ಇನ್ನು ನನ್ನ ಅನುಭವ ಕೇಳಿ. ಡೂಮ್‌ನಂತಹ ಭೀಕರ ಆಟವನ್ನು ನಾನು ಹೆಚ್ಚು ಹೊತ್ತು ಆಡಲಾರೆ. ಕತ್ತಲ ಓಣಿ, ಗೋಡೆಯಾಚೆಯ ಗುರುಗುಟ್ಟುವಿಕೆ. ಎದೆ ಹೊಡೆದುಕೊಂಡು ಎದ್ದುಬಿಡುತ್ತೇನೆ. ಆದರೆ ಒಂದು ಸಂಜೆ ಮಿಸ್ಟ್‌ನ ಒಗಟೊಂದನ್ನು ಬಿಡಿಸುತ್ತಿದ್ದೆ. ಒಳಕೋಣೆಯಿಂದ ಉಮ್ಮ ನೀರು ಕೇಳಿದರು. "ಬಂದೆ" ಎಂದೆ. ಮತ್ತೆ ಕರೆದರು. "ಬಂದೆ" ಎಂದೆ. ಮೂರನೆಯ ಕರೆ ಬರಲಿಲ್ಲ. ಒಗಟು ಬಿಡಿಸಿ ಹೋಗಿ ನೋಡಿದರೆ, ಮೊಣಕಾಲು ನೋವಿನ ಆ ತಾಯಿ ಗೋಡೆ ಹಿಡಿದು ನಡೆದು ತಾವೇ ನೀರು ಕುಡಿದು ಬಂದಿದ್ದರು. ಏನೂ ಅನ್ನಲಿಲ್ಲ. ಮಗ್ರಿಬ್‌ನ ಹೊತ್ತೂ ಮೀರುತ್ತಿತ್ತು.

ಒಂದು ತೊಟ್ಟು ರಕ್ತವಿಲ್ಲದ ಆಟದಲ್ಲಿ ನಾನು ಕಲ್ಲುಹೃದಯಿಯಾದೆ. ತಾಳ್ಮೆ ಕಲಿಸುವ ಆಟವೆಂದು ಅದನ್ನು ಹೊಗಳಿದವನೂ ನಾನೇ! ಯಂತ್ರದ ಮುಂದಿದ್ದ ನನ್ನ ತಾಳ್ಮೆ ತಾಯಿಯ ಕರೆಗೆ ಒದಗಲಿಲ್ಲ.

ಹಾಗೆಂದು ಕೊಲ್ಲುವ ಆಟ ಒಳ್ಳೆಯದೆನ್ನುತ್ತಿಲ್ಲ. ಕೊಲೆಯಲ್ಲಿ ಸಂತೋಷಪಡಲು ಎಳೆಯ ಮನಸ್ಸಿಗೆ ಅಭ್ಯಾಸ ಮಾಡಿಸುವುದು ಸಣ್ಣ ವಿಷಯವಲ್ಲ. ಆದರೆ ಪ್ರತಿಯೊಂದು ಆಟಕ್ಕೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಆಡುವಾಗ ನಾನು ಯಾವುದಕ್ಕಾಗಿ ಹಿಗ್ಗುತ್ತೇನೆ? ಯಾರಾದರೂ ಕರೆದಾಗ ನನಗೆ ಏಳಲಾಗುತ್ತದೆಯೇ?

ಸೈನಿಕ ಸತ್ತರೆ ಆಟವನ್ನು ಮೊದಲಿನಿಂದ ಆರಂಭಿಸಬಹುದು. ಕಳೆದುಹೋದ ಸಂಜೆಗೆ ಆ ಸೌಲಭ್ಯವಿಲ್ಲ. ಮಗನನ್ನು ಗದರಿಸುವ ಮೊದಲು ಒಂದು ದಿನ ಅವನ ಪಕ್ಕದಲ್ಲಿ ಕುಳಿತು ಆಟ ನೋಡಿರಿ. ಈ ಪ್ರಶ್ನೆಗಳನ್ನು ಅವನಿಗೆ ಕೇಳಿರಿ. ಅವನು ಅವನ್ನೇ ನಿಮಗೆ ತಿರುಗಿಸಿ ಕೇಳಿದರೆ ಕೋಪಿಸಿಕೊಳ್ಳಬೇಡಿರಿ.