ದ್ವಾರದಲ್ಲಿ ಬರೆದ ಭವಚಕ್ರ

ಭಯದಿಂದ ಹುಟ್ಟಿದ ಸದಾಚಾರವು ಬಾಳೀತೇ? ಬೌದ್ಧರ ಭವಚಕ್ರಚಿತ್ರವು ಈ ಪ್ರಶ್ನೆಯನ್ನೆತ್ತುತ್ತದೆ. ಇದನ್ನು ವಿಹಾರದ ದ್ವಾರದಲ್ಲಿ ಬರೆಯಿಸಬೇಕೆಂದು ಬುದ್ಧನೇ ವಿಧಿಸಿದನೆಂದು ‘ದಿವ್ಯಾವದಾನ’ವು ಹೇಳುತ್ತದೆ. ಅಜಂತೆಯ 17ನೆಯ ಗುಹೆಯ ಮೊಗಸಾಲೆಯಲ್ಲಿ 5ನೆಯ ಶತಮಾನದ ಇಂತಹ ಚಿತ್ರವೊಂದರ ಅವಶೇಷವು ಇಂದಿಗೂ ಉಂಟು.

ಚಕ್ರವನ್ನು ಹಿಡಿದ ಕರಾಳರೂಪವೇ ಅನಿತ್ಯತೆ. ಅಂಚಿನಲ್ಲಿ ಅವಿದ್ಯೆಯಿಂದ ಜರಾಮರಣದವರೆಗಿನ 12 ನಿದಾನಗಳು. ಒಳಗೆ ನರಕಾದಿ ಗತಿಗಳು. ನೋಡುವವನು ಬೆಚ್ಚುವುದು ನರಕವನ್ನು ಕಂಡು. ಆದರೆ ನಾಭಿಯಲ್ಲಿರುವುವು ಪಾರಿವಾಳ, ಸರ್ಪ, ಹಂದಿ. ಅವು ಕ್ರಮವಾಗಿ ರಾಗ, ದ್ವೇಷ, ಮೋಹಗಳ ಸಂಕೇತಗಳು. ಚಕ್ರವು ತಿರುಗುವುದು ಇವುಗಳಿಂದಲೇ.

ಬಂದವರಿಗೆ ಚಿತ್ರದ ಅರ್ಥವನ್ನು ವಿವರಿಸಲು ಭಿಕ್ಷುವೊಬ್ಬನನ್ನು ನೇಮಿಸಬೇಕೆಂಬ ವಿಧಿಯೂ ಆ ಗ್ರಂಥದಲ್ಲಿದೆ. ನರಕಕ್ಕೆ ಅಂಜಿದವನು ಶಿಕ್ಷೆಯನ್ನು ತಪ್ಪಿಸಿಕೊಳ್ಳಲೆಳಸುತ್ತಾನೆ. ತನ್ನೊಳಗಿನ ದ್ವೇಷವನ್ನು ಗುರುತಿಸಿದವನು ಅದರ ಬೇರನ್ನೇ ಕೀಳತೊಡಗುತ್ತಾನೆ. ಭಯವು ದ್ವಾರದವರೆಗೆ ತಂದೀತು. ಒಳಗೆ ಕರೆದೊಯ್ಯುವುದು ವಿವೇಕವೇ.