ತಪ್ಪು ಯಾರದು?

ಮೂವತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ಬೆಂಗಳೂರಿನ ಒಂದು ಪ್ರೌಢಶಾಲೆಯಲ್ಲಿ ಮೇಷ್ಟರಾಗಿದ್ದೆ. ನನ್ನ ತರಗತಿಗೆ ಒಂದೇ ಬೀದಿಯಿಂದ ಐದಾರು ಹುಡುಗರು ಬರುತ್ತಿದ್ದರು. ವಾರದಲ್ಲಿ ಮೂರು ದಿನವಾದರೂ ಅವರು ತಡವಾಗಿಯೇ ಬರುವರು. ನಾನು ನಿಯಮದ ಮನುಷ್ಯ; ಅವರನ್ನು ಬಾಗಿಲ ಹೊರಗೆ ನಿಲ್ಲಿಸಿ, ಸಮಯಪಾಲನೆಯ ಮಹಿಮೆಯನ್ನು ಕುರಿತು ಸಣ್ಣದೊಂದು ಉಪನ್ಯಾಸ ಮಾಡುತ್ತಿದ್ದೆ. ಅದೇ ಬೀದಿಯ ಇನ್ನೊಬ್ಬ ಹುಡುಗ ಮಾತ್ರ ಒಂದು ದಿನವೂ ತಡಮಾಡಿದವನಲ್ಲ. “ಅವನನ್ನು ನೋಡಿ ಕಲಿಯಿರಿ” ಎಂದು ಎಲ್ಲರೆದುರು ಅವನನ್ನು ಹೊಗಳುತ್ತಿದ್ದೆ.

ಒಮ್ಮೆ ಯಾವುದೋ ಕೆಲಸದ ಮೇಲೆ ಬೆಳಿಗ್ಗೆ ಆ ಬೀದಿಯನ್ನು ಹಾದುಹೋಗಬೇಕಾಯಿತು. ಬೀದಿಗೆಲ್ಲ ಒಂದೇ ನಲ್ಲಿ. ನೀರು ಬರುವುದು ದಿನ ಬಿಟ್ಟು ದಿನ, ಅದೂ ಸರಿಯಾಗಿ ಶಾಲೆಯ ಹೊತ್ತಿಗೆ. ಬಿಂದಿಗೆಗಳ ಸಾಲಿನಲ್ಲಿ ನನ್ನ ಸೋಮಾರಿಗಳೆಲ್ಲ ನಿಂತಿದ್ದರು. ನನ್ನನ್ನು ಕಂಡ ಒಬ್ಬ, “ಇನ್ನೆರಡು ಕೊಡ ಸಾರ್, ಬಂದ್ಬಿಡ್ತೀನಿ” ಎಂದ. ಸಮಯಪಾಲಕ ಆ ಸಾಲಿನಲ್ಲಿರಲಿಲ್ಲ. ಅವನ ಬದಲು ಅವನ ತಂಗಿ ನಿಂತಿದ್ದಳು. ವಿಚಾರಿಸಿದೆ. ಅವಳು ಹಿಂದಿನ ವರ್ಷವೇ ಶಾಲೆ ಬಿಟ್ಟಿದ್ದಳು.

ಸಮಾಜಶಾಸ್ತ್ರದ ಪುಸ್ತಕಗಳನ್ನು ನಾನು ಕುತೂಹಲದಿಂದ ಓದಲು ಹಿಡಿದದ್ದು ಆ ಬಳಿಕ. ಆದರೆ ಅದರ ಮೊದಲ ಪಾಠ ನನಗಾದದ್ದು ಆ ನಲ್ಲಿಯ ಬಳಿಯೇ. ಒಬ್ಬ ಹುಡುಗ ತಡವಾಗಿ ಬಂದರೆ ಅದು ಅವನ ಸ್ವಭಾವವಿದ್ದೀತು. ಒಂದು ಬೀದಿಯ ಹುಡುಗರೆಲ್ಲ ತಡವಾಗಿ ಬಂದರೆ ಕಾರಣವನ್ನು ಬೀದಿಯಲ್ಲಿ ಹುಡುಕಬೇಕು. ಇಷ್ಟು ಸರಳವಾದ ಮಾತು ಒಂದು ಶಾಸ್ತ್ರವಾಗಲು ಮನುಷ್ಯಜಾತಿ ಹತ್ತೊಂಬತ್ತನೆಯ ಶತಮಾನದವರೆಗೆ ಕಾಯಬೇಕಾಯಿತು.

ಈ ಶಾಸ್ತ್ರಕ್ಕೆ ಹೆಸರಿಟ್ಟ ಕತೆಯೂ ಸ್ವಾರಸ್ಯವಾಗಿದೆ. 1789ರ ಮಹಾಕ್ರಾಂತಿಯ ಅನಂತರ ಫ್ರಾನ್ಸಿನಲ್ಲಿ ಹಳೆಯ ಕಟ್ಟುಗಳು ಕಳಚಿ, ಹೊಸವು ಇನ್ನೂ ಬಿಗಿದುಕೊಳ್ಳದ ಕಾಲ. ಸಮಾಜವನ್ನು ಒಂದಾಗಿ ಹಿಡಿದಿರಿಸುವುದು ಯಾವುದು ಎಂಬ ಪ್ರಶ್ನೆ ಅಲ್ಲಿನ ವಿಚಾರವಂತರಿಗೆ ಬರಿಯ ಪಾಂಡಿತ್ಯದ ವಿಷಯವಾಗಿರಲಿಲ್ಲ. ಆಗಸ್ಟ್ ಕಾಮ್ಟ್ ಎಂಬ ಪಂಡಿತನು, ಗ್ರಹಗಳ ಚಲನೆಗೆ ನಿಯಮವಿರುವಂತೆ ಜನಸಮೂಹದ ಬಾಳಿಗೂ ನಿಯಮವಿರಬೇಕೆಂದು ಬಗೆದು, ಹೊಸ ವಿದ್ಯೆಗೆ ‘ಸಾಮಾಜಿಕ ಭೌತಶಾಸ್ತ್ರ’ ಎಂದು ಹೆಸರಿಟ್ಟನು. ಅದೇ ಹೆಸರನ್ನು ಬೆಲ್ಜಿಯಮಿನ ಖಗೋಳಜ್ಞ ಅಡಾಲ್ಫ್ ಕೆತ್ಲೆ 1835ರ ತನ್ನ ಗ್ರಂಥಕ್ಕೆ ಬಳಸಿಕೊಂಡನು. ಕಾಮ್ಟನಿಗೆ ಇದು ಹಿಡಿಸಲಿಲ್ಲ. ಅರ್ಧ ಲ್ಯಾಟಿನ್, ಅರ್ಧ ಗ್ರೀಕ್ ಬೆರೆಸಿ ‘ಸೋಶಿಯಾಲಜಿ’ ಎಂಬ ಹೊಸ ಪದವನ್ನು 1839ರಲ್ಲಿ ಅಚ್ಚಿಗೆ ತಂದನು.

ಹೆಸರು ಕಾಮ್ಟನದಾದರೂ, ಎದೆ ನಡುಗಿಸುವ ಪ್ರಶ್ನೆ ಕೆತ್ಲೆಯದು. ಅವನು ಫ್ರಾನ್ಸಿನ ನ್ಯಾಯಾಲಯಗಳ ಲೆಕ್ಕಪತ್ರಗಳನ್ನು ಹರಡಿಕೊಂಡು ಕುಳಿತನು. ಅಪರಾಧಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಅಷ್ಟೇ! ಕೊಲೆಗೆ ಬಳಸಿದ ಆಯುಧಗಳ ಪ್ರಮಾಣ ಕೂಡ ಹಾಗೆಯೇ. ಒಬ್ಬ ಮನುಷ್ಯ ಕೋಪದಲ್ಲಿ ಕತ್ತಿ ಎತ್ತುತ್ತಾನೆ. ಆ ಗಳಿಗೆ ತನ್ನದೆಂದೇ ಅವನು ತಿಳಿದಿದ್ದಾನೆ. ಆದರೆ ದೂರದಲ್ಲಿ ಕುಳಿತ ಖಗೋಳಜ್ಞನು ಈ ವರ್ಷ ಇಂಥ ಕತ್ತಿಗಳೆಷ್ಟು ಏಳಬಹುದೆಂಬುದನ್ನು ಸುಮಾರಾಗಿ ಹೇಳಬಲ್ಲ. ಅಪರಾಧವನ್ನು ಸಿದ್ಧಪಡಿಸುವುದು ಸಮಾಜ, ಅಪರಾಧಿ ಅದನ್ನು ನಡೆಸುವ ಉಪಕರಣ, ಎಂದು ಕೆತ್ಲೆ ತೀರ್ಮಾನಿಸಿದನು.

ನಮ್ಮ ಹಿರಿಯರು ಇದನ್ನು ಕೇಳಿದ್ದರೆ ನಕ್ಕು, “ಹಣೆಯ ಮೇಲೆ ಬರೆದದ್ದನ್ನೇ ಈತ ಸರ್ಕಾರಿ ಕಡತದಲ್ಲಿ ಓದಿದ” ಎನ್ನುತ್ತಿದ್ದರೇನೋ! ಇದು ಬರಿಯ ವಿಧಿವಾದ ಎಂದು ಯೂರೋಪಿನಲ್ಲೂ ಆಕ್ಷೇಪ ಎದ್ದಿತು. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಹಣೆಬರಹವನ್ನು ಅಳಿಸಲಾಗದು. ಕೆತ್ಲೆಯ ಬರಹವನ್ನು ಅಳಿಸಬಹುದು. ಸಮಾಜದ ವ್ಯವಸ್ಥೆ ಬದಲಾದರೆ ಸಂಖ್ಯೆಯೂ ಬದಲಾಗುವುದೆಂದು ಅವನೇ ಹೇಳಿದ್ದಾನೆ. ನಲ್ಲಿಯಲ್ಲಿ ನೀರು ಒಂದು ಗಂಟೆ ಮುಂಚೆ ಬಂದರೆ ಸಾಕು, ಹಾಜರಿ ಪುಸ್ತಕ ತಾನೇ ನೆಟ್ಟಗಾಗುತ್ತದೆ.

ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಮೇಲೆ ಎಮಿಲ್ ಡರ್ಖೈಮ್ ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋದನು. ಆತ್ಮಹತ್ಯೆಯಷ್ಟು ಏಕಾಂಗಿಯಾದ ಕೃತ್ಯ ಯಾವುದಿದೆ? ಅದನ್ನೇ ಅವನು 1897ರ ತನ್ನ ಗ್ರಂಥಕ್ಕೆ ವಸ್ತುವಾಗಿ ಆರಿಸಿಕೊಂಡನು. ಅವನ ಅಕ್ಕನ ಮಗನು ಸುಮಾರು 26,000 ದಾಖಲೆಗಳನ್ನು ವಯಸ್ಸು, ಮದುವೆ, ಮಕ್ಕಳು ಎಂದು ವಿಂಗಡಿಸಿಕೊಟ್ಟನು. ಸಂಸಾರದ, ಸಮುದಾಯದ ಕಟ್ಟು ಗಟ್ಟಿಯಾಗಿದ್ದಲ್ಲಿ ಜೀವಕ್ಕೆ ರಕ್ಷೆಯುಂಟು, ಅದು ಸಡಿಲವಾದಲ್ಲಿ ಅಪಾಯ ಹೆಚ್ಚು ಎಂಬುದು ಆ ಗ್ರಂಥದ ಒಂದು ಮುಖ್ಯ ನಿರ್ಣಯ. ಆಮೇಲಿನವರು ಅವನ ಲೆಕ್ಕದಲ್ಲಿ ಕುಂದುಗಳನ್ನು ತೋರಿಸಿದ್ದಾರೆ. ಆದರೂ ಪ್ರಶ್ನೆ ಕೇಳುವ ಆ ಬಗೆ ಉಳಿದುಕೊಂಡಿತು.

ಈ ಡರ್ಖೈಮನ ಮಗನು 1915ರ ಕೊನೆಗೆ ಬಾಲ್ಕನ್ ರಣರಂಗದಲ್ಲಿ ಗಾಯಗೊಂಡು ತೀರಿಕೊಂಡನು. ತಂದೆ ಆ ಪೆಟ್ಟಿನಿಂದ ಚೇತರಿಸಿಕೊಳ್ಳಲಿಲ್ಲ. 1917ರಲ್ಲಿ, ತನ್ನ 59ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದನು. ಮರಣಗಳನ್ನು ಸಾಲಾಗಿ ನಿಲ್ಲಿಸಿ ನೋಡಲು ಜಗತ್ತಿಗೆ ಕಲಿಸಿದವನಿಗೂ ಆ ಒಂದು ಮರಣವನ್ನು ಸಾಲಿನಲ್ಲಿ ನಿಲ್ಲಿಸಲು ಆಗಲಿಲ್ಲ. ಇದು ಅವನ ಶಾಸ್ತ್ರದ ಸೋಲೆಂದು ನಾನು ಹೇಳುವುದಿಲ್ಲ. ಅದರ ಎಲ್ಲೆ ಎನ್ನುತ್ತೇನೆ.

ಆ ಎಲ್ಲೆಯನ್ನು ನಮ್ಮ ನಾಡಿನವರೊಬ್ಬರು ಬೇರೊಂದು ರೀತಿಯಲ್ಲಿ ಕಂಡರು. ಮೈಸೂರಿನಲ್ಲಿ ಹುಟ್ಟಿದ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ನೆಲಸಿ, ಕಂಡುಕೇಳಿದ್ದನ್ನೆಲ್ಲ ಬರೆದಿಟ್ಟುಕೊಂಡರು. ಗ್ರಂಥಗಳಲ್ಲಿ ಅದನ್ನು ರಾಮಪುರವೆಂದು ಕರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕಟ್ಟಡಕ್ಕೆ ಯಾರೋ ಬೆಂಕಿ ಇಟ್ಟರು. ಸಂಸ್ಕರಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದವು. ಶ್ರೀನಿವಾಸರು ನೆನಪನ್ನೇ ನೆಚ್ಚಿ ಬರೆದರು. ಆ ಪುಸ್ತಕ 1976ರಲ್ಲಿ ಹೊರಬಂತು. ಅದರಲ್ಲಿ ಜಾತಿ, ಜಮೀನು, ಜಗಳಗಳ ವಿಶ್ಲೇಷಣೆಯಿದೆ. ಅದರ ನಡುವೆ ಹೆಸರು ಮುಖಗಳುಳ್ಳ ಮನುಷ್ಯರೂ ಇದ್ದಾರೆ. ಒಂದು ಶಾಸ್ತ್ರಕ್ಕೆ ಎರಡು ಕಣ್ಣೂ ಬೇಕೆಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಗೊತ್ತಿಲ್ಲ.

ಇಷ್ಟಾದ ಮೇಲೂ ಮೊದಲ ಪ್ರಶ್ನೆ ಉಳಿದೇ ಇದೆ. ಎಲ್ಲಕ್ಕೂ ಸಮಾಜವೇ ಕಾರಣವಾದರೆ ತಪ್ಪು ಯಾರದು? ಯಾರದೂ ಅಲ್ಲವೇ? ಹಾಗೆಂದು ಕೈತೊಳೆದುಕೊಳ್ಳುವವರು ಈ ಶಾಸ್ತ್ರವನ್ನು ಅರ್ಧ ಮಾತ್ರ ಓದಿದ್ದಾರೆ. ಕಾರಣ ತಿಳಿದಾಗ ಹೊಣೆ ಮಾಯವಾಗುವುದಿಲ್ಲ, ಭುಜ ಬದಲಾಯಿಸುತ್ತದೆ. ನಲ್ಲಿಯನ್ನು ಕಾಣುವವರೆಗೆ ತಡವಾದದ್ದು ಹುಡುಗರ ತಪ್ಪಾಗಿತ್ತು. ಕಂಡಮೇಲೂ ಅವರನ್ನು ಹೊರಗೆ ನಿಲ್ಲಿಸಿದ್ದರೆ ತಪ್ಪು ನನ್ನದಾಗುತ್ತಿತ್ತು.

ನಾನು ನಿಲ್ಲಿಸಲಿಲ್ಲ. ನೀರು ಬರುವ ದಿನಗಳಲ್ಲಿ ಅವರಿಗೆ ಅರ್ಧ ಗಂಟೆ ವಿನಾಯಿತಿ ಕೊಡಿಸಿದೆ. ನನ್ನ ಉದಾರ ಬುದ್ಧಿಗೆ ನಾನೇ ಮೆಚ್ಚಿಕೊಂಡೆ. ಆದರೆ ಅಣ್ಣನ ಸಮಯಪಾಲನೆಯ ಬೆಲೆಯನ್ನು ಕೊಡದಲ್ಲಿ ಹೊರುತ್ತಿದ್ದ ಆ ಹುಡುಗಿಯ ಮನೆಗೆ ಹೋಗಿ, ಅವಳನ್ನು ಮತ್ತೆ ಶಾಲೆಗೆ ಕಳಿಸಿ ಎಂದು ಒಂದು ಮಾತು ಹೇಳಲಿಲ್ಲ. ಅವಳ ಹೆಸರು ನನ್ನ ಹಾಜರಿ ಪುಸ್ತಕದಲ್ಲಿರಲಿಲ್ಲ. ಅಷ್ಟು ಕಾರಣ ಅಂದು ನನಗೆ ಸಾಕಾಗಿತ್ತು. ಇಂದು ಸಾಲದು.